ನಾಯಿ ನಿಂತಲ್ಲಿ ನಿಂತು

ಕಾಲಿಗೆ ಪ್ಲಾಸ್ಟರ್ ಹಾಕಿ ಹನ್ನೊಂದು ವಾರ.
ಕಿಟಕಿ ಪಕ್ಕ ಕೂತ ಫಾರ್ಕರ್ ಮಥೀಸನ್
ನಾಯಿಯ ಹಗ್ಗ ನನ್ನ ಕೈಗಿಟ್ಟು ಆಡಿದ್ದು ಎರಡೇ ಮಾತು:
"ಗಾಳಿ ನಿಂತ ಮೇಲೆ ತೆಗಿ.
ದಾರಿ ಬ್ರೋಸ್‌ಗೆ ಗೊತ್ತು."

ಬ್ರೋಸ್ ಅಂದರೆ ಇಲ್ಲಿಯವರ ಓಟ್ಸ್ ಅಂಬಲಿ.
ನಾಯಿಯ ಬಣ್ಣ ಅದೇ. ಕೂದಲ ಸಿಕ್ಕುಗಳೂ
ತಿರುವದೆ ಇಳಿಸಿ ಗಂಟು ಕಟ್ಟಿದ ಹಾಗೆ.

ಗ್ಲಾಸ್ಗೋದಿಂದ ಈ ಕಣಿವೆಗೆ ಟಪಾಲು ಹಂಚಲು ಬಂದವಳು ನಾನು.
ಎರಡು ಚಳಿಗಾಲ ಕಳೆದರೂ
ಗೊತ್ತಿರುವುದು ಬಾಗಿಲುಗಳು ಮಾತ್ರ.
ಅವುಗಳ ಬೆನ್ನಿಗೇ ಏಳುವ ಗುಡ್ಡ
ಇವತ್ತು ಮೊದಲ ಸಲ ನನ್ನ ಮೊಣಕಾಲಿಗೆ ಪರಿಚಯ.

ಕುರಿಬೇಲಿ ದಾಟಿದ್ದೇ ತಡ, ನಾಯಿ ದಾರಿ ಬಿಟ್ಟಿತು.
ಎಳೆದೆ. ಬರಲಿಲ್ಲ. ನಾನೇ ಹೋದೆ.
ಹೆದರ್ ಪೊದೆ ಸವರಿ ಪ್ಯಾಂಟು ತೊಡೆಯವರೆಗೆ ಒದ್ದೆ,
ಇಟ್ಟ ಹೆಜ್ಜೆಗೆಲ್ಲ ಕರಿ ಜೌಗು
ಬೂಟು ಹಿಡಿದುಕೊಂಡು, ಸ್ವಲ್ಪ ಯೋಚಿಸಿ, ಬಿಡುತ್ತಿತ್ತು.

ಒಂದು ಚಪ್ಪಟೆ ಬಂಡೆ. ನಾಯಿ ಕೂತಿತು.
ನನ್ನ ಜೇಬನ್ನೇ ನೋಡಿತು.
ಓಹೋ, ಇದು ಬಿಸ್ಕತ್ತಿನ ಜಾಗ.
ನನ್ನಲ್ಲಿದ್ದದ್ದು ಕೆಮ್ಮಿನ ಪೆಪ್ಪರ್‌ಮಿಂಟು.
ಮೂಸಿ, ಮನುಷ್ಯಕುಲವನ್ನೇ ಕ್ಷಮಿಸಿದಂತೆ
ಒಂದು ಉಸಿರು ಬಿಟ್ಟು ಎದ್ದಿತು.

ತೊರೆಯ ಹತ್ತಿರ ಮತ್ತೆ.
ಇಲ್ಲಿ ಅವನು ಬಗ್ಗಿ ನೀರು ಕುಡಿಯುತ್ತಾನೆ ಅಂತ ಕಾಣುತ್ತದೆ.
ಬಗ್ಗಿದೆ. ಹಲ್ಲು ಜುಮ್ಮೆಂದಿತು.
ಮುರಿದ ಗೇಟಿನ ಬಳಿ ಒಂದು ಗಳಿಗೆ,
ಅದು ಸೊಂಟ ನೆಟ್ಟಗೆ ಮಾಡಿಕೊಳ್ಳಲು ಇರಬೇಕು.
ಎರಡು ವರ್ಷ ಕಾಗದ ಕೊಟ್ಟರೂ ಒಡೆದು ಓದಲಾಗದ ಮನುಷ್ಯ;
ಅವನ ನಾಯಿ ನಿಂತು ನಿಂತು
ಸಾಲು ಸಾಲಾಗಿ ಓದಿ ಹೇಳುತ್ತಿತ್ತು.

ಆಮೇಲೆ ಆ ರೋವನ್ ಮರ.
ಒಂಟಿ. ಗಾಳಿ ಒಂದೇ ಕಡೆಗೆ ಬಾಚಿದ ತಲೆ.
ಬುಡದಲ್ಲಿ ಏನೂ ಇಲ್ಲ, ಕಲ್ಲಿಲ್ಲ, ಹೆಸರಿಲ್ಲ.
ನಾಯಿ ಅಲ್ಲಿ ಮಲಗಿತು, ಪಂಜದ ಮೇಲೆ ಮೂತಿಯಿಟ್ಟು.
ಬಿಸ್ಕತ್ತು ಕೇಳಲಿಲ್ಲ.
ಐದು ನಿಮಿಷ. ಆರು.
ಯಾಕೆಂದು ತಿಳಿಯದೆ ಟೋಪಿ ತೆಗೆದೆ,
ನಾಚಿಕೆಯಾಗಿ ಮತ್ತೆ ಹಾಕಿಕೊಂಡೆ.
ಕೊನೆಗೆ ಅದೇ ಎದ್ದು ಮೈ ಕೊಡವಿತು,
ಮುಗಿಯಿತು, ನಡಿ, ಎಂಬಂತೆ.

ದಿಬ್ಬ ಏರಿದರೆ ಕೆಳಗೆ ಲಾಖ್ ಬಾಲವ್.
ಬಾಲವ್ ಅಂದರೆ ಗೇಲಿಕ್‌ನಲ್ಲಿ ಮೂಕ.
ಯಾರೂ ಕಟ್ಟಿದ ಕೆರೆಯಲ್ಲ,
ಹಿಮ ಎಂದೋ ಉಗುರಿನಿಂದ ಕೆರೆದ ಕೆರೆ.
ಈಗ ಅದರ ಮೈತುಂಬ ಸುಕ್ಕು; ಗಾಳಿ ಹೋಗಿರಲಿಲ್ಲ.
ಕಾದೆವು. ಗಂಟೆ ಒಂಬತ್ತೂವರೆ,
ಜುಲೈಯ ಬೆಳಕು ಇನ್ನೂ ಎದ್ದು ಹೋಗಲು ಮನಸ್ಸು ಮಾಡಿರಲಿಲ್ಲ.

ಗಾಳಿ ನಿಂತದ್ದು ಮೊದಲು ತಿಳಿದದ್ದು ಕುತ್ತಿಗೆಗೆ:
ಎಲ್ಲಿದ್ದವೋ, ಮುತ್ತಿಕೊಂಡವು ಮಿಜ್ ನೊಣ.
ಒಂದು ಕೈಲಿ ಕ್ಯಾಮೆರಾ, ಇನ್ನೊಂದರಲ್ಲಿ ಕೆನ್ನೆಗೆ ಏಟು,
ಕಣ್ಣು ಬಿಟ್ಟರೆ
ಆಚೆ ದಡದ ಗುಡ್ಡ ಈಚೆ ದಡದವರೆಗೆ ಬಂದು
ತಲೆಕೆಳಗಾಗಿ ನಿಂತಿದೆ.
ದಡದಲ್ಲಿ ಬೋರಲು ಬಿದ್ದ ಫಾರ್ಕರ್‌ನ ದೋಣಿ
ನೀರಿನೊಳಗೆ ಮಾತ್ರ ನೆಟ್ಟಗಿದೆ,
ಯಾರಾದರೂ ಹತ್ತಿ ಕೂರಬಹುದು ಎಂಬಷ್ಟು.
ಒಂದೇ ಸಲ ಒತ್ತಿದೆ.
ಎರಡನೆಯದಕ್ಕೆ ಬ್ರೋಸ್ ನೀರು ಕುಡಿಯಲು ಹೋಯಿತು.

ಅಡುಗೆಮನೆಯ ದೀಪದಡಿ ಫಾರ್ಕರ್ ನೋಡಿದ.
ದಪ್ಪ ಬೆರಳಿನಿಂದ ಗುಡ್ಡ ಸರಿಸಿದ, ದೋಣಿ ಸರಿಸಿದ.
"ಚೆನ್ನಾಗಿದೆ" ಅಂದ, ಹವಾಮಾನದ ಬಗ್ಗೆ ಹೇಳುವಂತೆ.
ಆಮೇಲೆ, ಕ್ಯಾಮೆರಾ ಕೆಳಗಿಟ್ಟು:
"ಮರದ ಹತ್ತಿರ ನಿಂತಿತಾ?"
ನಿಂತಿತು, ಅಂದೆ.
"ಎಷ್ಟು ಹೊತ್ತು?"
ಆರು ನಿಮಿಷ.
ಚಿಲ್ಲರೆ ಎಣಿಸಿ ಸರಿಯಿದೆ ಎನ್ನುವವನ ಹಾಗೆ ತಲೆಯಾಡಿಸಿದ.
ನಾನು ಕೇಳಲಿಲ್ಲ.

ನಾಯಿ ಅವನ ಪ್ಲಾಸ್ಟರ್ ಮೇಲೆ ಒದ್ದೆ ಮೂತಿಯಿಟ್ಟಿತು.
ಅವನು ಕೈಚಾಚಿ ಡಬ್ಬಿ ತೆಗೆದು
ಬಿಸ್ಕತ್ತು ಕೊಟ್ಟ, ಅದಕ್ಕೊಂದು,
ನನಗೊಂದು.